ನೀರು ಸೋಸಿದ ಮೇಲೆ

ಸೇದಿದ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ಬಳಸುವುದು ಜೈನ ಶ್ರಾವಕರ ಮನೆಗಳಲ್ಲಿ ತಲೆತಲಾಂತರದಿಂದ ಬಂದ ನಿಯಮ. ಈ ನಿಯಮದ ಎರಡನೆಯ ಭಾಗ ಈಗ ಅನೇಕರಿಗೆ ಮರೆತುಹೋಗಿದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅಂಗಳದಲ್ಲಿ ಕೊಡವುವಂತಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನು ಅದರ ಮೇಲೆ ಹೊಯ್ದು, ಯಾವ ಬಾವಿಯಿಂದ ನೀರು ತಂದೆವೋ ಆ ಬಾವಿಗೇ ಅವುಗಳನ್ನು ಮೆಲ್ಲನೆ ಇಳಿಸಬೇಕು. ನಮಗೆ ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿದದ್ದರ ಹೊಣೆಯೂ ನಮ್ಮದೇ ಎಂಬ ವಿವೇಕ ಇದರಲ್ಲಿದೆ. ಮುನಿಗಳ ಪಂಚ ಸಮಿತಿಗಳಲ್ಲಿ ಐದನೆಯದಾದ ಉತ್ಸರ್ಗ ಸಮಿತಿಯ ಆಶಯವೂ ಇದೇ: ಮಲಮೂತ್ರಾದಿಗಳನ್ನು ಯಾವ ಜೀವಿಗೂ ಬಾಧೆಯಾಗದ ಸ್ಥಳದಲ್ಲಿ, ಕಣ್ಣಿಟ್ಟು ನೋಡಿ, ಎಚ್ಚರದಿಂದ ವಿಸರ್ಜಿಸಬೇಕು.

ಊರು ಬಿಟ್ಟು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಪರಿಸರದಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಈ ನಿಯಮದ ಮೊದಲ ಭಾಗವನ್ನು ಉಳಿಸಿಕೊಂಡಿವೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವ ಮನೆಗಳು ಇಂದಿಗೂ ಇವೆ. ಆದರೆ ಎರಡನೆಯ ಭಾಗವನ್ನು ನಾವು ಮೋರಿಯ ಕೊಳವೆಗೆ ಒಪ್ಪಿಸಿಬಿಟ್ಟಿದ್ದೇವೆ. ಆ ಕೊಳವೆ ಎಲ್ಲಿಗೆ ಹೋಗುತ್ತದೆ, ಅದು ಕಟ್ಟಿಕೊಂಡಾಗ ಅದರೊಳಗೆ ಯಾರು ಇಳಿಯುತ್ತಾರೆ, ಅದು ಉಕ್ಕಿದಾಗ ಯಾರು ಕಾಯಿಲೆ ಬೀಳುತ್ತಾರೆ ಎಂಬ ಪ್ರಶ್ನೆಗಳನ್ನು ನಮ್ಮ ಬಸದಿಗಳಲ್ಲಾಗಲಿ ಸಮಾಜದ ಸಭೆಗಳಲ್ಲಾಗಲಿ ನಾವು ಕೇಳುವುದು ಅಪರೂಪ. ಅವನ್ನು ಕೇಳುವ ಕಾಲ ಬಂದಿದೆ ಎಂಬುದು ಈ ಸಂಪಾದಕೀಯದ ನಿಲುವು.

ಈ ನಗರಗಳು ಬೆಳೆದ ಕ್ರಮವನ್ನು ಮೊದಲು ನೋಡೋಣ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಸ್ಥಾಪನೆಯಾದದ್ದು 1962ರಲ್ಲಿ. ಅದೇ ದಶಕದಲ್ಲಿ ಡೊಂಬಿವಲಿಯಲ್ಲೂ ಥಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ರಾಸಾಯನಿಕ ಮತ್ತು ಬಣ್ಣದ ಕಾರ್ಖಾನೆಗಳು ತಲೆಯೆತ್ತಿದವು. ಹೊಸ ನಗರವನ್ನು ಕಟ್ಟಲು ಸಿಡ್ಕೋ ಹುಟ್ಟಿದ್ದು 1970ರಲ್ಲಿ. ನ್ಹಾವಾ ಶೇವಾ ಬಂದರು ಕಾರ್ಯಾರಂಭ ಮಾಡಿದ್ದು 1989ರಲ್ಲಿ. ಮಹಾನಗರ ಪಾಲಿಕೆಗಳು ಬಂದದ್ದೋ ಥಾಣೆಗೆ 1982ರಲ್ಲಿ, ಕಲ್ಯಾಣ್-ಡೊಂಬಿವಲಿಗೆ 1983ರಲ್ಲಿ, ನವಿಮುಂಬಯಿಗೆ 1992ರಲ್ಲಿ. ಥಾಣೆ, ಕಲ್ಯಾಣಗಳಲ್ಲಿ ಹಳೆಯ ಪುರಸಭೆಗಳು ಇದ್ದವು ನಿಜ; ಆದರೆ ಅವು ಸಣ್ಣ ಪಟ್ಟಣಗಳ ಅಳತೆಗೆ ಹೊಲಿದ ಅಂಗಿಗಳು. ಡೊಂಬಿವಲಿ, ಕಲ್ಯಾಣಗಳಲ್ಲಿ ಕಾರ್ಖಾನೆ ಮೊದಲು ಬಂತು, ಕೆಲಸಗಾರರ ಚಾಳ್ ಅದರ ಹಿಂದೆ, ಬಿಲ್ಡರ್‌ನ ಕಟ್ಟಡ ಅದರ ಪಕ್ಕದಲ್ಲಿ, ಒಳಚರಂಡಿ ಎಲ್ಲಕ್ಕಿಂತ ಕೊನೆಗೆ.

ಈ ತಿರುವುಮುರುವಿನ ಫಲವನ್ನು ಡೊಂಬಿವಲಿಯವರು ಚೆನ್ನಾಗಿ ಬಲ್ಲರು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ವಲಯಗಳನ್ನು ಅಳೆದಾಗ ಡೊಂಬಿವಲಿಗೆ 78.41, ನವಿಮುಂಬಯಿಗೆ 73.77 ಅಂಕ ಬಂದವು. 70ನ್ನು ದಾಟಿದ ವಲಯವನ್ನು ತೀವ್ರ ಮಲಿನವೆಂದು ಪರಿಗಣಿಸಲಾಗುತ್ತಿತ್ತು. ಇಲ್ಲಿ ಅಂಕ ಹೆಚ್ಚಿದಷ್ಟೂ ಅವಮಾನ. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದ ಸುದ್ದಿ ದೇಶವನ್ನೇ ಬೆರಗುಗೊಳಿಸಿತು. 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. 2016ರ ಮೇ 26ರಂದು ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಎಂಟು ವರ್ಷಗಳ ಬಳಿಕ, 2024ರ ಮೇ 23ರಂದು, ಇನ್ನೊಂದು ಕಾರ್ಖಾನೆಯಲ್ಲಿ ಅದೇ ಬಗೆಯ ದುರಂತ ಮರುಕಳಿಸಿತು. ಎರಡು ಸಲವೂ ಸುತ್ತಲಿನ ಮನೆಗಳ ಕಿಟಕಿ ಗಾಜುಗಳು ಒಡೆದವು. ಕಾರ್ಖಾನೆಗೂ ಮನೆಗೂ ನಡುವೆ ಇರಬೇಕಾದ ಅಂತರವನ್ನು ಯಾರು ಮಾರಿದರು, ಯಾರು ಕೊಂಡರು ಎಂಬ ವಿಚಾರಣೆ ಆಗ ಕೆಲವು ದಿನ ನಡೆದು ತಣ್ಣಗಾಯಿತು.

ಕಸದ ಕಥೆಯೂ ಹೀಗೆಯೇ. ಕಲ್ಯಾಣದ ಆಧಾರ್‌ವಾಡಿಯ ಕಸದ ಗುಡ್ಡ ದಶಕಗಳ ಕಾಲ ಹೊಗೆಯಾಡಿತು. ಕಸ ವಿಲೇವಾರಿಯ ವ್ಯವಸ್ಥೆಯೇ ಇಲ್ಲದೆ ಕಟ್ಟಡಗಳಿಗೆ ಅನುಮತಿ ಕೊಡುತ್ತಿರುವುದನ್ನು ಕಂಡು 2015ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಲ್ಯಾಣ್-ಡೊಂಬಿವಲಿಯಲ್ಲಿ ಹೊಸ ನಿರ್ಮಾಣಗಳಿಗೇ ತಡೆ ಹಾಕಿತು. ಒಂದು ನಗರದ ಬೆಳವಣಿಗೆಯನ್ನು ಅದರ ಕಸದ ಕಾರಣಕ್ಕೆ ನ್ಯಾಯಾಲಯ ನಿಲ್ಲಿಸಬೇಕಾಯಿತೆಂದರೆ ಆಡಳಿತದ ಸ್ಥಿತಿಯನ್ನು ಬೇರೆ ವಿವರಿಸಬೇಕಿಲ್ಲ. ಅದೇ ವರ್ಷ ಉಲ್ಹಾಸ್ ಮತ್ತು ವಾಲ್ಧುನಿ ನದಿಗಳ ಮಾಲಿನ್ಯಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಸ್ಥಳೀಯ ಸಂಸ್ಥೆಗಳ ಮೇಲೂ ಕಾರ್ಖಾನೆಗಳ ಸಾಮೂಹಿಕ ಸಂಸ್ಕರಣ ಘಟಕಗಳ ಮೇಲೂ ಕೋಟಿಗಟ್ಟಲೆ ದಂಡ ವಿಧಿಸಿತು. ಈ ಉಲ್ಹಾಸ್ ನದಿಯೇ ಈ ಪರಿಸರದ ಲಕ್ಷಾಂತರ ಜನರಿಗೆ ಕುಡಿಯುವ ನೀರು. ನಾವು ಬಟ್ಟೆ ಕಟ್ಟಿ ಸೋಸುವ ನೀರು ಅದು. ಸೋಸುವ ಬಟ್ಟೆ ಕ್ರಿಮಿಯನ್ನು ತಡೆದೀತು, ಕರಗಿದ ವಿಷವನ್ನಲ್ಲ.

ಇದಕ್ಕೆ ಪರ್ಯಾಯವಿಲ್ಲವೆಂದು ಕೈಚೆಲ್ಲುವವರಿಗೆ ಉತ್ತರ ಖಾಡಿಯ ಆಚೆಯ ದಡದಲ್ಲಿದೆ. ನವಿಮುಂಬಯಿಯ ವಸತಿ ವಲಯಗಳಲ್ಲಿ ಸಿಡ್ಕೋ ರಸ್ತೆ ಹಾಕುವಾಗಲೇ ಚರಂಡಿಯನ್ನೂ ಯೋಜಿಸಿತು. ಭರತದ ಹೊತ್ತಿನಲ್ಲಿ ಮಳೆನೀರು ನಿಲ್ಲಲು ಕೊಳಗಳನ್ನು ತೋಡಿಸಿತು. ಅಲ್ಲಿನ ಪಾಲಿಕೆ ಮೋರ್ಬೆ ಅಣೆಕಟ್ಟನ್ನೇ ತನ್ನದಾಗಿಸಿಕೊಂಡಿತು, ಕೊಳಚೆ ನೀರಿನ ಸಂಸ್ಕರಣ ಘಟಕಗಳನ್ನು ಕಟ್ಟಿತು. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೋರ್ ಮತ್ತು ಸೂರತ್ ಮೊದಲ ಸ್ಥಾನವನ್ನು ಹಂಚಿಕೊಂಡರೆ ನವಿಮುಂಬಯಿ ಮೂರನೆಯದಾಯಿತು. ಒಂದೇ ಜಿಲ್ಲೆ, ಒಂದೇ ಮಳೆ, ಒಂದೇ ಬಗೆಯ ಜನ. ಕಲ್ಯಾಣದವರು ಕೊಳಕರೂ ವಾಶಿಯವರು ಶುಚಿವಂತರೂ ಆಗಿ ಹುಟ್ಟಿಲ್ಲ. ಒಂದು ಕಡೆ ಕೊಳವೆ ಮನೆಗಿಂತ ಮೊದಲು ಬಂತು, ಇನ್ನೊಂದು ಕಡೆ ಮನೆಯ ನಂತರವೂ ಪೂರ್ತಿಯಾಗಿ ಬರಲಿಲ್ಲ. ಹಾಗೆಂದು ನವಿಮುಂಬಯಿಯವರು ನಿಶ್ಚಿಂತರಾಗುವಂತಿಲ್ಲ. ಅವರ ಬೆನ್ನಿಗೇ ಇರುವ ಕೈಗಾರಿಕಾ ಪಟ್ಟಿಯ ನಾಲಾಗಳು ಇಳಿಯುವುದು ಥಾಣೆ ಖಾಡಿಗೆ. 2022ರಲ್ಲಿ ರಾಮ್ಸಾರ್ ತಾಣವೆಂದು ಮಾನ್ಯತೆ ಪಡೆದ, ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಖಾಡಿಗೆ.

ಕೊಳಚೆಯಿಂದ ರೋಗ ಹೇಗೆ ಬರುತ್ತದೆಂಬುದು ಗುಟ್ಟಿನ ವಿಷಯವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಉಲ್ಹಾಸ್ ಉಕ್ಕಿ ಕಲ್ಯಾಣವೂ ಮುಳುಗಿದಾಗ, ನೀರು ಇಳಿದ ಮೇಲೆ ಬಂದದ್ದು ಲೆಪ್ಟೋಸ್ಪೈರೋಸಿಸ್. ಇಲಿಯ ಮೂತ್ರದಲ್ಲಿರುವ ರೋಗಾಣು ಮಳೆನೀರಿಗೆ ಸೇರಿ, ಅದರಲ್ಲಿ ನಡೆಯುವವನ ಕಾಲಿನ ಸಣ್ಣ ಗಾಯದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಕಸ ಇದ್ದಲ್ಲಿ ಇಲಿ, ಕಟ್ಟಿದ ನಾಲಾ ಇದ್ದಲ್ಲಿ ನಿಂತ ನೀರು. ಎರಡೂ ಸೇರಿದಲ್ಲಿ ಈ ಜ್ವರ. ಡೆಂಗಿಯ ಸೊಳ್ಳೆಗಾದರೋ ಕೊಳಚೆ ಬೇಡ. ಬಾಲ್ಕನಿಯ ಹೂಕುಂಡದ ತಟ್ಟೆ, ತಾರಸಿಯ ಮುಚ್ಚಳವಿಲ್ಲದ ಟ್ಯಾಂಕು, ಕಟ್ಟುತ್ತಿರುವ ಕಟ್ಟಡದಲ್ಲಿ ಕಾಂಕ್ರೀಟಿಗೆಂದು ನಿಲ್ಲಿಸಿದ ತಿಳಿನೀರು ಸಾಕು. ಅದರ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದುಮಾಡಿ ಉಜ್ಜಿ ಒಣಗಿಸಿದರೆ ಸೊಳ್ಳೆಯೇ ಹುಟ್ಟುವುದಿಲ್ಲ. ಹುಟ್ಟಿದ ಮೇಲೆ ಹೊಗೆ ಹಾಕಿ ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ನಮ್ಮ ಆಚಾರಕ್ಕೂ ಹತ್ತಿರದ್ದು.

ಬಂದರು ನಗರದ ಕೊಳೆ ಬಂದರಿನಲ್ಲೇ ಉಳಿಯುವುದಿಲ್ಲವೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. 1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಹಡಗುಕಟ್ಟೆಗೆ ಅಂಟಿಕೊಂಡ, ಧಾನ್ಯದ ಗೋದಾಮುಗಳಿಂದ ಕಿಕ್ಕಿರಿದ ವಠಾರ ಅದು. ಜನ ಲಕ್ಷಗಟ್ಟಲೆ ಊರು ಬಿಟ್ಟರು, ಪ್ಲೇಗು ಅವರೊಡನೆ ರೈಲು ಹತ್ತಿತು. ಹುಬ್ಬಳ್ಳಿ-ಧಾರವಾಡಗಳನ್ನು ಕಾಡಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಗಾಳಿ ಬೆಳಕಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದು ಆ ಭಯದಲ್ಲಿ. ಆದರೆ ಆ ಮಾದರಿ ಬಡಾವಣೆಗಳಲ್ಲೂ ಮನೆಗಳ ಹಿಂದೆ ಕಿರಿದಾದ ಓಣಿಯೊಂದನ್ನು ಬಿಟ್ಟಿದ್ದರು. ಮುಂಬಯಿಯಲ್ಲಿ ಹೌಸ್ ಗಲ್ಲಿ ಎನ್ನುವುದು ಇದೇ ಬಗೆಯದನ್ನು. ಮಲವನ್ನು ಹೊತ್ತೊಯ್ಯುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಬೇಕಾಗಿದ್ದ ದಾರಿ ಅದು. ಶುಚಿತ್ವದ ಯೋಜನೆಯಲ್ಲಿಯೇ ಒಬ್ಬ ಮನುಷ್ಯನನ್ನು ಮರೆಮಾಡುವ ಯೋಜನೆಯೂ ಸೇರಿತ್ತು.

ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಪೌರ ಕೆಲಸದ ಕುಟುಂಬಗಳವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ಪ್ರತಿಭಟಿಸಿ ಮೈಮೇಲೆ ಮಲ ಸುರಿದುಕೊಂಡರು. ನಿಷೇಧದ ಕಾಗದ ಮತ್ತು ನೆಲದ ವಾಸ್ತವಗಳ ನಡುವಿನ ದೂರವನ್ನು ನಾಡು ಅಂದು ಕಂಡಿತು.

ಹೌಸ್ ಗಲ್ಲಿ ಇಂದು ನೆಲದ ಕೆಳಗೆ ಇಳಿದಿದೆ. 2018ರ ನವೆಂಬರ್ 1ರಂದು ಕಲ್ಯಾಣ್ ಪೂರ್ವದಲ್ಲಿ ಬಾವಿಯೊಂದನ್ನು ಶುಚಿಗೊಳಿಸಲು ಇಳಿದವನು ವಿಷಾನಿಲಕ್ಕೆ ಬಲಿಯಾದ. ಅವನನ್ನು ಎತ್ತಲು ಹೋದವರೂ ಸೇರಿ ಸತ್ತವರು ಐವರು, ಅವರಲ್ಲಿ ಇಬ್ಬರು ಅಗ್ನಿಶಾಮಕ ದಳದವರು. 2019ರ ಮೇ ತಿಂಗಳಲ್ಲಿ ಥಾಣೆಯ ಢೋಕಾಳಿಯಲ್ಲಿ ವಸತಿ ಸಮುಚ್ಚಯವೊಂದರ ಕೊಳಚೆ ಸಂಸ್ಕರಣ ತೊಟ್ಟಿಗೆ ಇಳಿದ ಕಾರ್ಮಿಕರಲ್ಲಿ ಮೂವರು ಸತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೋವಂಡಿಯ ಹೌಸಿಂಗ್ ಸೊಸೈಟಿಯೊಂದರ ಸೆಪ್ಟಿಕ್ ಟ್ಯಾಂಕಿನಲ್ಲಿ ಮತ್ತೆ ಮೂವರು. ಕೊಳೆಯುವ ಮಲದಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದದ್ದು, ತಳದಲ್ಲೇ ನಿಲ್ಲುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಅದು ಕೊಲ್ಲುವುದರಿಂದ ವಾಸನೆ ನಿಂತುಹೋಗುತ್ತದೆ. ಅಪಾಯ ಕಳೆಯಿತೆಂದು ಬಗೆದವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ. ಅವನನ್ನು ಎತ್ತಲು ಸಂಗಡಿಗ ಹಾರುತ್ತಾನೆ. ಇಂಥ ದುರಂತಗಳಲ್ಲಿ ಹೆಣಗಳು ಒಂಟಿಯಾಗಿ ಮೇಲೆ ಬಾರದಿರುವುದಕ್ಕೆ ಕಾರಣ ಇದು.

ಕಾನೂನು ಸ್ಪಷ್ಟವಾಗಿದೆ. 2013ರ ಅಧಿನಿಯಮದ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾವ ವ್ಯಕ್ತಿಯನ್ನೂ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಇಳಿಸಿದವನಿಗೆ ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಗೋವಂಡಿಯ ವಿಧವೆಯರು ಪರಿಹಾರಕ್ಕಾಗಿ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಈ ದೃಷ್ಟಾಂತದಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಢೋಕಾಳಿ ಮತ್ತು ಗೋವಂಡಿಗಳಲ್ಲಿ ಸಾವು ಸಂಭವಿಸಿದ್ದು ಸರಕಾರದ ಚರಂಡಿಯಲ್ಲಲ್ಲ, ವಸತಿ ಸಮುಚ್ಚಯಗಳ ಆವರಣದಲ್ಲಿ. ನಾವು ವಾಸಿಸುವಂಥವೇ ಸಮುಚ್ಚಯಗಳು ಅವು.

ಇಲ್ಲಿಗೆ ಪ್ರಶ್ನೆ ನಮ್ಮ ಧರ್ಮದ ಅಂಗಳಕ್ಕೇ ಬರುತ್ತದೆ. ಹಿಂಸೆಯನ್ನು ನಮ್ಮ ಆಚಾರ್ಯರು ಮೂರು ಬಗೆಯಲ್ಲಿ ಎಣಿಸಿದ್ದಾರೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಮಾಡಿಸಿದವನು ಮಾಡಿದವನಿಗಿಂತ ಹಗುರವಾಗಿ ಪಾರಾಗುವ ದಾರಿಯನ್ನು ಅವರು ಬಿಟ್ಟಿಲ್ಲ. ಟ್ಯಾಂಕು ಬಳಿಸಲು ಮೂವರು ಗುತ್ತಿಗೆದಾರರ ದರಪಟ್ಟಿ ತರಿಸಿ, ಯಂತ್ರ ತರುವವನನ್ನು ದುಬಾರಿಯೆಂದು ಬಿಟ್ಟು, ಆಳು ಇಳಿಸುವವನನ್ನು ಅಗ್ಗವೆಂದು ಆರಿಸುವ ಸೊಸೈಟಿಯ ಸಮಿತಿ ಮಾಡಿಸುತ್ತದೆ. ಆ ಲೆಕ್ಕಪತ್ರಕ್ಕೆ ವಾರ್ಷಿಕ ಸಭೆಯಲ್ಲಿ ಕೈಯೆತ್ತುವ ಸದಸ್ಯ ಅನುಮೋದಿಸುತ್ತಾನೆ. ಸೂರ್ಯಾಸ್ತದ ನಂತರ ಉಣ್ಣದ, ಗೆಡ್ಡೆಗೆಣಸು ಮುಟ್ಟದ ಶ್ರಾವಕನೂ ಆ ಸಭೆಯಲ್ಲಿ ಕೈಯೆತ್ತಿರಬಹುದು. ಪ್ರಮಾದದಿಂದ ಆದ ಪ್ರಾಣಹಾನಿಯೂ ಹಿಂಸೆಯೇ ಎಂದು ತಿಳಿದ ಸಮಾಜಕ್ಕೆ 'ನಮಗೆ ಗೊತ್ತಿರಲಿಲ್ಲ' ಎಂಬ ಮಾತು ಶೋಭಿಸುವುದಿಲ್ಲ.

ಕಹಿಯಾದರೂ ಇನ್ನೊಂದು ಮಾತು. 2025ರ ಮಳೆಗಾಲದಲ್ಲಿ, ಪಾರಿವಾಳಗಳ ಹಿಕ್ಕೆಯಿಂದ ಶ್ವಾಸಕೋಶದ ಕಾಯಿಲೆ ಹರಡುತ್ತದೆಂಬ ಕಾರಣಕ್ಕೆ ಮುಂಬಯಿಯ ಕಬೂತರ್‌ಖಾನಾಗಳನ್ನು ಮುಚ್ಚಲು ಹೊರಟಾಗ, ದಾದರಿನಲ್ಲಿ ನಮ್ಮ ಸಮಾಜದ ಅನೇಕರು ಬೀದಿಗಿಳಿದರು. ಹಕ್ಕಿಯ ಹಸಿವು ಅವರ ಮನಸ್ಸನ್ನು ಕಲಕಿದ್ದನ್ನು ನಾವು ಹಳಿಯುವುದಿಲ್ಲ. ವೈದ್ಯರ ಎಚ್ಚರಿಕೆಯನ್ನು ಲಘುವಾಗಿ ಕಾಣುವುದು ಸರಿಯಲ್ಲವೆಂಬ ನಮ್ಮ ಅಭಿಪ್ರಾಯವನ್ನೂ ಮರೆಮಾಚುವುದಿಲ್ಲ. ನಮ್ಮ ಪ್ರಶ್ನೆ ಬೇರೆಯದು. ಢೋಕಾಳಿಯ ಮೂವರಿಗಾಗಿ ನಮ್ಮ ಯಾವ ಸಂಘ ಬೀದಿಗಿಳಿಯಿತು? ಪಂಚೇಂದ್ರಿಯ ಜೀವಿಗಳಲ್ಲಿ ಮನುಷ್ಯನೂ ಒಬ್ಬನಲ್ಲವೇ?

ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇದು ಪಾಲಿಕೆಯ ಕೆಲಸ. ನಿಜ, ಪಾಲಿಕೆಯದೇ, ಆದುದರಿಂದಲೇ ಪಾಲಿಕೆಯನ್ನು ಕೇಳಬೇಕಾಗಿದೆ. ನವಿಮುಂಬಯಿಯ ಚುನಾಯಿತ ಸಭೆಯ ಅವಧಿ 2020ರ ಮೇ ತಿಂಗಳಲ್ಲಿ, ಕಲ್ಯಾಣ್-ಡೊಂಬಿವಲಿಯದು ಅದೇ ನವೆಂಬರ್‌ನಲ್ಲಿ, ಥಾಣೆಯದು 2022ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ನಗರಗಳನ್ನು ನಡೆಸಿದ್ದು ಆಡಳಿತಾಧಿಕಾರಿಗಳು. ವಾರ್ಡಿನ ನಾಲಾ ಉಕ್ಕಿದರೆ ಬಾಗಿಲು ತಟ್ಟಲು ನಗರಸೇವಕನೇ ಇರಲಿಲ್ಲ. ಕಲ್ಯಾಣ್-ಡೊಂಬಿವಲಿಯ 27 ಗ್ರಾಮಗಳು ಒಮ್ಮೆ ಪಾಲಿಕೆಯ ಹೊರಗೆ, ಒಮ್ಮೆ ಒಳಗೆ ಓಡಾಡಿದವು. ಕಾರ್ಖಾನೆಯ ಕೊಳಚೆ ನಿಗಮದ್ದೆಂದು ಪಾಲಿಕೆ, ಮನೆಯ ಕೊಳಚೆ ಪಾಲಿಕೆಯದೆಂದು ನಿಗಮ. ನದಿಗೆ ಈ ಗಡಿರೇಖೆ ಕಾಣುವುದಿಲ್ಲ. ಮತ ಕೇಳಲು ಬರುವವರನ್ನು ನಮ್ಮವರು ಬಸದಿಯ ಜಾಗ, ಭವನದ ಅನುದಾನಗಳ ಬಗ್ಗೆ ಕೇಳುತ್ತಾರೆ. ಇನ್ನು ಮುಂದೆ ಚರಂಡಿಯ ಬಗ್ಗೆಯೂ ಕೇಳಲಿ.

ಎರಡನೆಯದು, ನಾವು ಪರಊರಿನವರು, ಭಾಷೆಯಲ್ಲೂ ಸಂಖ್ಯೆಯಲ್ಲೂ ಅಲ್ಪರು, ನಮ್ಮ ಮಾತು ಯಾರು ಕೇಳುತ್ತಾರೆ? 2011ರ ಜನಗಣತಿಯಂತೆ ದೇಶದ ಸುಮಾರು 44.5 ಲಕ್ಷ ಜೈನರಲ್ಲಿ ಸುಮಾರು 14 ಲಕ್ಷ ಮಂದಿ ಮಹಾರಾಷ್ಟ್ರದಲ್ಲಿದ್ದಾರೆ. ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ವ್ಯಾಪಾರ, ಉದ್ಯಮ, ಕಟ್ಟಡ ನಿರ್ಮಾಣಗಳಲ್ಲಿ ಸಮಾಜದ ಮಾತಿಗೆ ತೂಕವಿದೆ. ಇನ್ನು ಸೊಸೈಟಿಯ ಸಭೆಯಲ್ಲಿ ಒಂದು ಠರಾವು ಮಂಡಿಸಲು ಬಹುಸಂಖ್ಯಾತರಾಗಬೇಕಿಲ್ಲ, ಎದ್ದುನಿಂತರೆ ಸಾಕು.

ಬದಲಾವಣೆ ಸಾಧ್ಯವೆಂಬುದಕ್ಕೆ ಸೂರತ್ ನಿದರ್ಶನ. 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗಿನ ಭೀತಿಗೆ ಲಕ್ಷಾಂತರ ಜನ ಆ ನಗರವನ್ನು ತೊರೆದರು. ಮರುವರ್ಷ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅಧಿಕಾರಿಗಳನ್ನು ತಂಪುಕೋಣೆಗಳಿಂದ ಎಬ್ಬಿಸಿ ದಿನವೂ ಬೀದಿಗೆ ಕಳುಹಿಸಿದರು; ಪ್ರಭಾವಿಗಳ ಅಕ್ರಮ ಕಟ್ಟಡಗಳನ್ನೂ ಬಿಡಲಿಲ್ಲ. ಎರಡೇ ವರ್ಷಗಳಲ್ಲಿ ಸೂರತ್ ದೇಶದ ಶುಚಿಯಾದ ನಗರಗಳ ಸಾಲಿಗೆ ಸೇರಿತು. ಆದರೆ ಅದಕ್ಕೆ ಮೊದಲು ಪ್ಲೇಗು ಬರಬೇಕಾಯಿತು ಎಂಬುದನ್ನೂ ಮರೆಯಬಾರದು.

ನಮ್ಮ ಕುಟುಂಬಗಳ ಮುಂದೆ ನಾವು ಇಡುವ ಬೇಡಿಕೆಗಳು ದೊಡ್ಡವಲ್ಲ. ಪ್ರತಿಯೊಬ್ಬ ಸದಸ್ಯನೂ ತನ್ನ ಸೊಸೈಟಿಯ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಕಾರ್ಯದರ್ಶಿಯಿಂದ ಲಿಖಿತವಾಗಿ ತಿಳಿದುಕೊಳ್ಳಲಿ: ಪಾಲಿಕೆಯ ಒಳಚರಂಡಿಗೋ, ಸೆಪ್ಟಿಕ್ ಟ್ಯಾಂಕಿಗೋ, ನೇರವಾಗಿ ನಾಲಾಕ್ಕೋ. ಮನುಷ್ಯನನ್ನು ಎಂದಿಗೂ ಟ್ಯಾಂಕಿಗೆ ಇಳಿಸುವುದಿಲ್ಲ, ಯಂತ್ರದಿಂದಲೇ ಬಳಿಸುತ್ತೇವೆ ಎಂಬ ಠರಾವನ್ನು ವಾರ್ಷಿಕ ಸಭೆ ಅಂಗೀಕರಿಸಲಿ. ಯಂತ್ರದ ಗಾಡಿಗಾಗಿ 14420 ಎಂಬ ಸಹಾಯವಾಣಿ ಇದೆ. ಇದಕ್ಕೆ ತಗಲುವ ಹೆಚ್ಚಿನ ವೆಚ್ಚ ಮನೆಗಳಿಗೆ ಹಂಚಿದರೆ ಹೊರಲಾಗದ ಹೊರೆಯಲ್ಲ. ದಿನವೂ ಕಸ ಒಯ್ಯುವವರಿಗೆ ಕೈಗವಸು, ಕುಡಿಯುವ ನೀರು, ಬಳಸಲು ಒಂದು ಶೌಚಾಲಯವನ್ನು ಸೊಸೈಟಿ ಕೊಡಲಿ. ಕಾರ್ಖಾನೆ ನಡೆಸುವ ನಮ್ಮ ಬಾಂಧವರು ತಮ್ಮ ತ್ಯಾಜ್ಯ ರಾತ್ರಿಯ ಹೊತ್ತು ಯಾವ ಟ್ಯಾಂಕರಿನಲ್ಲಿ ಎಲ್ಲಿಗೆ ಹೋಗುತ್ತದೆಂದು ತಾವೇ ನೋಡಲಿ. ಅಂಥ ಹಣದಿಂದ ಬಂದ ದಾನವನ್ನು ಒಪ್ಪುವ ಮುನ್ನ ಬಸದಿಯ ಆಡಳಿತ ಮಂಡಳಿ ಯೋಚಿಸಲಿ. ಪೂಜೆ, ಪಂಚಕಲ್ಯಾಣಗಳ ಊಟದ ಪಂಕ್ತಿ ಎದ್ದ ಮೇಲೆ ಆ ಎಲೆಗಳನ್ನು ಯಾರು ಎತ್ತುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂಬುದು ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ನಿಶ್ಚಯವಾಗಲಿ.

ಚಾತುರ್ಮಾಸವೆಂದರೆ ಇಲ್ಲಿ ಮಳೆಗಾಲ. ತಮ್ಮ ಪಾದದಡಿ ಜೀವಿಗಳು ನಲುಗಬಾರದೆಂದು ಮುನಿಗಳು ವಿಹಾರ ನಿಲ್ಲಿಸುವ ಅದೇ ತಿಂಗಳುಗಳಲ್ಲಿ ಈ ನಗರಗಳ ನಾಲಾಗಳು ಉಕ್ಕುತ್ತವೆ. ಆ ನಡುವೆ ಬರುವ ದಶಲಕ್ಷಣ ಪರ್ವದಲ್ಲಿ ಒಂದು ದಿನ ಉತ್ತಮ ಶೌಚಕ್ಕೆ ಮೀಸಲು. ಶೌಚವೆಂದರೆ ಮೈ ತೊಳೆಯುವುದಲ್ಲ, ಲೋಭವನ್ನು ತೊಳೆಯುವುದು ಎಂದು ಪ್ರವಚನಕಾರರು ವಿವರಿಸುತ್ತಾರೆ. ಅದು ಸರಿಯಾದ ಅರ್ಥ. ಚರಂಡಿಯಿಲ್ಲದ ಕಟ್ಟಡ ಮಾರಿದ್ದು ಲೋಭ, ಸಂಸ್ಕರಿಸದ ಬಣ್ಣದ ನೀರನ್ನು ನದಿಗೆ ಬಿಟ್ಟದ್ದು ಲೋಭ, ಯಂತ್ರದ ಬಾಡಿಗೆ ಉಳಿಸಲು ಆಳನ್ನು ಇಳಿಸಿದ್ದೂ ಲೋಭವೇ. ಈ ವರ್ಷದ ಉತ್ತಮ ಶೌಚದ ದಿನ ಪ್ರವಚನ ಮುಗಿದ ಮೇಲೆ ಪ್ರತಿ ಬಸದಿಯಲ್ಲೂ ಮೇಲಿನ ಠರಾವಿನ ಕರಡನ್ನು ಓದಿ, ಹಾಜರಿದ್ದವರಲ್ಲಿ ಯಾರು ಯಾರು ಅದನ್ನು ತಮ್ಮ ಸೊಸೈಟಿಯಲ್ಲಿ ಮಂಡಿಸುತ್ತಾರೆಂದು ಹೆಸರು ಬರೆದುಕೊಳ್ಳಲಿ.